ಕಂಪ್ಯೂಟರ್ ಪ್ರಶ್ನೋತ್ತರ: ಡಿಫ್ರಾಗ್ ಯಾವ ಡಿಸ್ಕಿಗೆ ಬೇಕು, ಯಾವುದಕ್ಕೆ ಬೇಡ?

ಪ್ರಶ್ನೆ: ಹಲವು ವರ್ಷಗಳಿಂದ ಬಯಲಾಟಗಳ ವಿಡಿಯೊ ಮಾಡಿ 1 ಟೆರಾಬೈಟ್ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡಿದ್ದೇನೆ. ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ಈಚೆಗೆ ಫೈಲ್ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ, ಒಮ್ಮೊಮ್ಮೆ ‘ಟಕ್ ಟಕ್’ ಎಂಬ ಸದ್ದೂ ಬರುತ್ತದೆ. ವಾರಕ್ಕೊಮ್ಮೆ ಡಿಫ್ರಾಗ್ ಮಾಡಿ ಎಂದು ರಿಪೇರಿಯವರು ಹೇಳಿದರೆ, ಅದರಿಂದ ಡಿಸ್ಕ್ ಹಾಳಾಗುತ್ತದೆ ಎಂದು ಅಳಿಯ ಹೇಳುತ್ತಾರೆ. ಯಾರ ಮಾತು ಸರಿ?
— ಓದುಗರು, ಕುಂಬಳೆ

ಉತ್ತರ: ಸದ್ಯ ಇಬ್ಬರ ಮಾತನ್ನೂ ಬದಿಗಿಟ್ಟು, ವಿಡಿಯೊಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ನೀವು ಬರೆದುದರಲ್ಲಿ ನನ್ನನ್ನು ಹೆದರಿಸಿದ್ದು ನಿಧಾನವಲ್ಲ, ಆ ಸದ್ದು.

ಡಿಫ್ರಾಗ್ ಎಂದರೆ ತುಂಡಾಗಿ ಚದುರಿದ ಫೈಲ್‌ಗಳನ್ನು ಮತ್ತೆ ಒಂದೆಡೆ ಜೋಡಿಸುವುದು. ಫೈಲ್‌ಗಳನ್ನು ಅಳಿಸುತ್ತ, ಹೊಸದನ್ನು ತುಂಬುತ್ತ ಹೋದಂತೆ ಡಿಸ್ಕಿನ ಖಾಲಿ ಜಾಗ ಅಲ್ಲಲ್ಲಿ ಚದುರಿಹೋಗುತ್ತದೆ. ಆಮೇಲೆ ಬರುವ ದೊಡ್ಡ ಫೈಲ್ ಒಂದೇ ಕಡೆ ಹಿಡಿಸದೆ ತುಂಡು ತುಂಡಾಗಿ ಕೂರುತ್ತದೆ. ಪ್ರಸಂಗದ ಪದ್ಯಗಳನ್ನು ಕ್ರಮವಾಗಿ ಬರೆಯದೆ, ಖಾಲಿ ಕಂಡ ಪುಟಗಳಲ್ಲೆಲ್ಲ ಬರೆದಿಟ್ಟರೆ ಭಾಗವತರು ಜಾಗಟೆ ಹಿಡಿದುಕೊಂಡೇ ಪುಟ ಹುಡುಕಬೇಕಾಗುತ್ತದಷ್ಟೆ, ಇಲ್ಲಿ ಆಗುವುದೂ ಅದೇ. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು ಬೇಕು; ಓದುವ ಹೆಡ್ ಸರಿಯಾದ ಸಾಲಿಗೆ ಸರಿದ ಮೇಲೂ ಬೇಕಾದ ತುಂಡು ಅದರ ಕೆಳಗೆ ಬರಲು ಸರಾಸರಿ ಅದರರ್ಧ ಹೊತ್ತು ಕಾಯಬೇಕು. ತುಂಡುಗಳು 2000 ಇದ್ದರೆ ಈ ಕಾಯುವಿಕೆಯೊಂದೇ 11 ಸೆಕೆಂಡು ತಿನ್ನುತ್ತದೆ.

ಆದರೆ ವಿಡಿಯೊದ ಮಟ್ಟಿಗೆ ಇದು ಅಷ್ಟು ದೊಡ್ಡ ತೊಂದರೆಯಲ್ಲ. ಹತ್ತಾರು ಗಿಗಾಬೈಟಿನ ಫೈಲ್ ನೂರು ತುಂಡಾಗಿದ್ದರೂ ಆಟ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. 64 ಮೆಗಾಬೈಟಿಗಿಂತ ದೊಡ್ಡ ತುಂಡುಗಳನ್ನು ವಿಂಡೋಸಿನ ಡಿಫ್ರಾಗ್ ಸಾಮಾನ್ಯವಾಗಿ ಮುಟ್ಟಲೂ ಹೋಗುವುದಿಲ್ಲ. ಮೇಲಾಗಿ, ನೀವು ಬದಲಾಯಿಸಿರದಿದ್ದರೆ ವಿಂಡೋಸ್ ಆ ಕೆಲಸವನ್ನು ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುತ್ತದೆ. ‘ಆಪ್ಟಿಮೈಸ್ ಡ್ರೈವ್ಸ್’ ತೆರೆದರೆ ಕೊನೆಯ ಬಾರಿ ಯಾವಾಗ ನಡೆಯಿತು, ಡ್ರೈವ್ ತಿರುಗುವ ಡಿಸ್ಕೋ ಎಸ್‌ಎಸ್‌ಡಿಯೋ (ಚಿಪ್‌ಗಳಲ್ಲಿ ಬರೆದಿಡುವ ಡ್ರೈವ್) ಎಂಬುದೆಲ್ಲ ಅಲ್ಲೇ ಕಾಣುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲದಿರುವುದರಿಂದ ತುಂಡುಗಳನ್ನು ಜೋಡಿಸಿ ಸಿಗುವ ಲಾಭ ನಗಣ್ಯ. ಸುಮ್ಮನೆ ಮತ್ತೆ ಮತ್ತೆ ಬರೆದು ಅದರ ಆಯುಷ್ಯ ಸವೆಸಿದಂತಾಗುತ್ತದೆ. ಆದ್ದರಿಂದ ಅಲ್ಲಿ ವಿಂಡೋಸ್ ಸಾಮಾನ್ಯವಾಗಿ ‘ಟ್ರಿಮ್’ ಎಂಬ ಬೇರೆ ಕೆಲಸವನ್ನು, ಅಂದರೆ ಅಳಿಸಿದ ಫೈಲ್‌ಗಳ ಜಾಗ ಖಾಲಿಯೆಂದು ಡ್ರೈವಿಗೆ ತಿಳಿಸುವುದನ್ನು, ಮಾಡುತ್ತದೆ. ನಿಮ್ಮ ಅಳಿಯ ಹೇಳಿದ್ದು ಬಹುಶಃ ಎಸ್‌ಎಸ್‌ಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು.

ಇನ್ನು ಆ ಸದ್ದಿನ ವಿಷಯ. ನನ್ನದೇ ಹಳೆಯ ಡಿಸ್ಕೊಂದು ಹೀಗೆ ಟಕ್ಕೆನ್ನುತ್ತಿದ್ದಾಗ, ತುಂಡುಗಳು ಹೆಚ್ಚಾಗಿರಬೇಕು ಎಂದುಕೊಂಡು ರಾತ್ರಿ ಡಿಫ್ರಾಗ್ ಹಚ್ಚಿ ಮಲಗಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಡಿಸ್ಕ್ ಕಂಪ್ಯೂಟರಿಗೆ ಕಾಣಿಸುತ್ತಲೇ ಇರಲಿಲ್ಲ. ಏದುಸಿರು ಬಿಡುತ್ತಿದ್ದ ಡಿಸ್ಕಿನ ಮೇಲೆ ರಾತ್ರಿಯಿಡೀ ಭಾರ ಹೊರಿಸಿದ್ದೆ ಎಂಬುದು ತಿಳಿದದ್ದು ಆಮೇಲೆ. ನೀವು ನಕಲು ಮುಗಿದ ಬಳಿಕ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ‘ಸ್ಮಾರ್ಟ್’ ವರದಿ ನೋಡಿ. ‘ರೀಅಲೊಕೇಟೆಡ್ ಸೆಕ್ಟರ್’ (ಕೆಟ್ಟದ್ದರಿಂದ ಬದಲಿಸಿದ ಜಾಗ) ಮತ್ತು ‘ಪೆಂಡಿಂಗ್ ಸೆಕ್ಟರ್’ (ಓದಲು ಆಗದೆ ಬಾಕಿಯಿರುವ ಜಾಗ) ಸಾಲುಗಳ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಫ್ರಾಗ್ ಬೇಡ, ಹೊಸ ಡಿಸ್ಕ್ ತನ್ನಿ. ಮುಂದಕ್ಕೆ, ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಕೂಡಲೇ ಆ ವರ್ಷದ ವಿಡಿಯೊಗಳನ್ನು ಎರಡನೆಯ ಡಿಸ್ಕಿಗೆ ಹಾಕಿಟ್ಟರೆ, ಮಳೆಗಾಲದ ಸಿಡಿಲು ಶುರುವಾಗುವ ಹೊತ್ತಿಗೆ ನಿಶ್ಚಿಂತೆಯಿಂದಿರಬಹುದು.

ಪ್ರಶ್ನೆ: ನಮ್ಮ ಶಾಲೆಯ ಕಂಪ್ಯೂಟರುಗಳಲ್ಲಿ ಕೈಟ್ (ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಸರಕಾರಿ ಸಂಸ್ಥೆ) ಕೊಟ್ಟ ಲಿನಕ್ಸ್ ಇದೆ. ಅದರಲ್ಲಿ ಡಿಫ್ರಾಗ್ ಎಲ್ಲಿಯೂ ಕಾಣುತ್ತಿಲ್ಲ. ಬೇಡವೇ?
— ಅಧ್ಯಾಪಕಿ, ಮಂಜೇಶ್ವರ

ಉತ್ತರ: ಹೆಚ್ಚಾಗಿ ಬೇಡ. ಉಬುಂಟು ಆಧಾರಿತ ಲಿನಕ್ಸಿನಲ್ಲಿ ಸಾಮಾನ್ಯವಾಗಿರುವ ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆಯು ಫೈಲನ್ನು ಸಿಕ್ಕಲ್ಲಿ ಬರೆದುಬಿಡದೆ, ಸ್ವಲ್ಪ ತಡೆದು, ಅದರ ಗಾತ್ರ ತಿಳಿದ ಮೇಲೆ ಹಿಡಿಸುವಷ್ಟು ಉದ್ದದ ಜಾಗ ಹುಡುಕುತ್ತದೆ. ಹಾಗಾಗಿ ತುಂಡಾಗುವುದು ಕಡಿಮೆ. ಡಿಸ್ಕ್ ತುಂಬಿ ತುಳುಕುವಂತಾದರೆ ಮಾತ್ರ ಈ ಜಾಣತನ ನಡೆಯುವುದಿಲ್ಲ, ಆದ್ದರಿಂದ ಹತ್ತು ಹದಿನೈದು ಶೇಕಡಾ ಜಾಗ ಖಾಲಿ ಇರಲಿ. ಸಂಶಯವಿದ್ದರೆ ‘ಇ4ಡಿಫ್ರಾಗ್’ ಆದೇಶವನ್ನು ಪರೀಕ್ಷೆಗೆ ಮಾತ್ರ ಓಡಿಸಬಹುದು. ಅದು ಕೊಡುವ ಅಂಕ 30ರೊಳಗಿದ್ದರೆ ಏನೂ ಮಾಡಬೇಕಾಗಿಲ್ಲ. ಶಾಲೆಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಯುಪಿಎಸ್. ಬರೆಯುತ್ತಿರುವಾಗಲೇ ಕರೆಂಟು ಹೋಗುವುದು ತುಂಡಾಗುವುದಕ್ಕಿಂತ ಹೆಚ್ಚು ಕೆಡುಕು.

ಪ್ರಶ್ನೆ: ಮ್ಯಾಕ್‌ಬುಕ್‌ಗೆ ಡಿಫ್ರಾಗ್ ಬೇಕೇ?
— ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಬೇಡ. ಈಗಿನ ಮ್ಯಾಕ್‌ಬುಕ್‌ಗಳಲ್ಲಿರುವುದು ಎಸ್‌ಎಸ್‌ಡಿ. ಹಳೆಯ ಮ್ಯಾಕ್‌ಗಳು ಕೂಡ 2003ರ ಪ್ಯಾಂಥರ್ ಆವೃತ್ತಿಯಿಂದಲೇ 20 ಮೆಗಾಬೈಟಿಗಿಂತ ಸಣ್ಣ ಫೈಲ್‌ಗಳನ್ನು ತೆರೆಯುವಾಗ ತಾವೇ ಜೋಡಿಸಿಕೊಳ್ಳುತ್ತಿದ್ದವು. ವಿಂಡೋಸಿನೊಡನೆ ಹಂಚಿಕೊಳ್ಳಲು ಹೊರಗಿನ ಡಿಸ್ಕನ್ನು ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿಕೊಂಡಿದ್ದರೆ ‘ಇಜೆಕ್ಟ್’ ಮಾಡದೆ ಕೇಬಲ್ ಎಳೆಯಬೇಡಿ. ಅರ್ಧಕ್ಕೆ ನಿಂತ ಬರಹವನ್ನು ಸರಿಪಡಿಸಿಕೊಳ್ಳುವ ಜರ್ನಲ್ ಅದರಲ್ಲಿಲ್ಲ.