ಬಣ್ಣ ಜಾಸ್ತಿಯಾದರೆ ಉಬ್ಬು ಕಾಣುವುದಿಲ್ಲ

ಪ್ರಶ್ನೆ: ಮಗಳು ಅಮೆರಿಕದ ಬಾಸ್ಟನ್‌ನಲ್ಲಿದ್ದಾಳೆ. ಅಕ್ಟೋಬರ್ ತಿಂಗಳ ಮರಗಳ ಫೋಟೋ ಕಳಿಸಿ, ‘ಅಮ್ಮಾ, ಇದೇ ಬಣ್ಣದ ಬ್ಲ್ಯಾಂಕೆಟ್ ಹಾಕಿಕೊಡು’ ಅಂದಳು. ಕ್ರೋಶಾ ನನಗೆ ಹೊಸದಲ್ಲ. ಬಾಗಿಲ ತೋರಣ, ಟೇಬಲ್ ಕ್ಲಾತ್, ಟಿವಿ ಕವರ್ ಎಲ್ಲ ಹಾಕಿದ್ದೇನೆ. ಕೆಂಪು, ಕಿತ್ತಳೆ, ಹಳದಿ, ಕಂದು ಬೆರೆತ ಶೇಡೆಡ್ ಉಲನ್ ತಂದು, ಗುಂಡು ಗುಂಡಾಗಿ ಉಬ್ಬುವ ಪಾಪ್‌ಕಾರ್ನ್ ಸ್ಟಿಚ್‌ನಲ್ಲಿ ಶುರು ಮಾಡಿದೆ. ಒಂದು ಗೇಣು ಆಗಿದೆ. ತೀರಾ ಗಟ್ಟಿ, ಮಡಚಿದರೆ ಮಡಚುವುದಿಲ್ಲ. ಪಾಪ್‌ಕಾರ್ನ್ ಇರುವುದು ಮುಟ್ಟಿದರೆ ಗೊತ್ತಾಗುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಒಟ್ಟು ಎಷ್ಟು ಉಲನ್ ಬೇಕು ಅನ್ನುವುದೂ ತಿಳಿಯುತ್ತಿಲ್ಲ.
– ಓದುಗರು, ಸಾಗರ

ಉತ್ತರ: ಬಿಚ್ಚಿಬಿಡಿ. ಬೇಜಾರಾಗುತ್ತದೆ, ನಿಜ. ಆದರೆ ನಾಲ್ಕು ಗೇಣು ಆದ ಮೇಲೆ ಬಿಚ್ಚಬೇಕಾದರೆ ಅಳುವೇ ಬರುತ್ತದೆ.

ತಪ್ಪು ನಿಮ್ಮ ಕೈಯದ್ದಲ್ಲ, ಉಲನ್‌ದು. ಉಬ್ಬು ಹೆಣಿಗೆ ನಮಗೆ ಕಾಣುವುದೇ ನೆರಳಿನಿಂದ. ಉಬ್ಬಿದ ಕಡೆ ಬೆಳಕು ಬೀಳುತ್ತದೆ, ಪಕ್ಕದ ತಗ್ಗಿನಲ್ಲಿ ಸಣ್ಣ ನೆರಳು ನಿಲ್ಲುತ್ತದೆ. ಶೇಡೆಡ್ ಉಲನ್‌ನಲ್ಲಿ ನಾಲ್ಕು ಸ್ಟಿಚ್ ಹಾಕುವಷ್ಟರಲ್ಲಿ ಬಣ್ಣ ಬದಲಾಗಿರುತ್ತದೆ. ಕಣ್ಣು ಬಣ್ಣದ ಹಿಂದೆ ಹೋಗುತ್ತದೆ, ನೆರಳನ್ನು ಯಾರು ನೋಡುತ್ತಾರೆ? ಮರೂನ್, ಕಾಫಿ ಕಂದಿನಂಥ ಗಾಢ ಬಣ್ಣಗಳಲ್ಲೂ ಇದೇ ಕಥೆ, ನೆರಳು ಬಣ್ಣದೊಳಗೇ ಮುಳುಗಿಹೋಗುತ್ತದೆ. ಹಾಗಾಗಿ ಉಬ್ಬು ಬೇಕಾದ ಪಟ್ಟಿಗೆ ಒಂದೇ ಬಣ್ಣ ಇರಲಿ, ಅದೂ ತಿಳಿ ಬಣ್ಣ ಅಥವಾ ನಡುವಿನದ್ದು. ಸಾಸಿವೆ ಹಳದಿ, ಇಟ್ಟಿಗೆ ಬಣ್ಣ, ಗೋಧಿ ಬಣ್ಣ ಚೆನ್ನಾಗಿ ಕಾಣುತ್ತವೆ. ಮರೂನ್ ಬೇಕೇ ಬೇಕು ಅನ್ನಿಸಿದರೆ ಅದನ್ನು ಸಾದಾ ಸಾಲುಗಳಿಗೆ ಇಟ್ಟುಕೊಳ್ಳಿ. ಶೇಡೆಡ್ ಉಲನ್ ದಂಡವೇನಲ್ಲ, ಸಾದಾ ಸ್ಟಿಚ್‌ನಲ್ಲಿ ಒಂದು ಟೋಪಿ ಹಾಕಿ, ಅದರಲ್ಲಿ ಚೆಂದ ಕಾಣುತ್ತದೆ.

ಇನ್ನು ಮಗಳು ಕಳಿಸಿದ ಫೋಟೋ ಇನ್ನೊಮ್ಮೆ ನೋಡಿ. ಶುಗರ್ ಮೇಪಲ್ ಕಿತ್ತಳೆಯಾಗಿರುತ್ತದೆ, ರೆಡ್ ಮೇಪಲ್ ಕಡು ಕೆಂಪು, ಬರ್ಚ್ ಹಳದಿ, ಓಕ್ ತುಕ್ಕಿನ ಕಂದು. ಆದರೆ ಇವೆಲ್ಲ ಒಟ್ಟಿಗೆ ಬಣ್ಣ ತಿರುಗುವುದಿಲ್ಲ. ಉತ್ತರದ ವರ್ಮಾಂಟ್ ರಾಜ್ಯದಲ್ಲಿ ಸೆಪ್ಟೆಂಬರ್ ಕೊನೆಗೇ ಮರ ಕೆಂಪಾಗಿರುತ್ತದೆ, ಬಾಸ್ಟನ್ ಸುತ್ತಮುತ್ತ ಅದು ಅಕ್ಟೋಬರ್ ನಡುವಿಗೆ. ಒಂದೇ ಬೀದಿಯಲ್ಲೂ ಒಂದು ಮರ ಕೆಂಪು, ಪಕ್ಕದ್ದು ಇನ್ನೂ ಹಸಿರು. ಜೊತೆಗೆ ತೊಗಟೆಯ ಬೂದುಗಂದು. ನಮ್ಮವರು ಹೊದಿಕೆ ಹಾಕುವಾಗ ಈ ಹಸಿರು, ಬೂದು ಎರಡನ್ನೂ ಬಿಟ್ಟು ಬರೀ ಬೆಂಕಿ ಬಣ್ಣ ತರುತ್ತಾರೆ. ಸೋಫಾ ಮೇಲೆ ಹಾಸಿದರೆ ಕಣ್ಣು ಕುಕ್ಕುತ್ತದೆ. ನನ್ನ ಮಾತು ಕೇಳಿದರೆ ಅರ್ಧದಷ್ಟು ಗೋಧಿ ಬಣ್ಣ ಮತ್ತು ತೊಗಟೆ ಬಣ್ಣ ತನ್ನಿ. ಉಳಿದರ್ಧದಲ್ಲಿ ಸಾಸಿವೆ, ಇಟ್ಟಿಗೆ, ಆಲಿವ್ ಹಸಿರು. ಕೆಂಪು ಒಂದೆರಡು ಪಟ್ಟಿ ಸಾಕು.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಉಂಡೆಗಳನ್ನು ಸಾಲಾಗಿ ಇಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಇಟ್ಟಿಗೆ ಬಣ್ಣ, ಆಲಿವ್ ಎರಡೂ ಒಂದೇ ಬೂದು ಆಗಿ ಕಂಡರೆ ಅವನ್ನು ಅಕ್ಕಪಕ್ಕ ಹಾಕಬೇಡಿ, ದೂರದಿಂದ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ. ನಡುವೆ ಗೋಧಿ ಬಣ್ಣದ ಪಟ್ಟಿ ಬರಲಿ. ಅಂದ ಹಾಗೆ ಈ ಬಣ್ಣಗಳನ್ನು ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. ನಮ್ಮ ಬೀದಿ ಬದಿಯ ಬಾದಾಮಿ ಮರದ ಎಲೆ ಉದುರುವ ಮೊದಲು ಕೆಂಪಾಗುತ್ತದಲ್ಲ, ಅಂಥದ್ದೊಂದು ಎಲೆ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. ಹಸಿರು, ಹಳದಿ, ತಾಮ್ರ, ಕೆಂಪು ಎಲ್ಲ ಒಂದೇ ಎಲೆಯಲ್ಲಿ ಸಿಗುತ್ತದೆ.

ಗಟ್ಟಿಯಾಗಲು ಎರಡು ಕಾರಣ. ಒಂದು, ಪಾಪ್‌ಕಾರ್ನ್‌ಗೆ ಒಂದೇ ಜಾಗದಲ್ಲಿ ಸಾಮಾನ್ಯವಾಗಿ ಐದು ಕಂಬ, ಅಂದರೆ ಎತ್ತರದ ಸ್ಟಿಚ್, ತುಂಬುತ್ತೇವೆ. ಕುಶನ್ ಕವರಿಗೆ ಸರಿ, ಇಡೀ ಹೊದಿಕೆಗೆ ಭಾರ. ಎರಡು, ನೂಲಿನಲ್ಲಿ ತೋರಣ ಹಾಕಿ ಪಳಗಿದ ಕೈ ದಾರವನ್ನು ಬಿಗಿಯಾಗಿ ಎಳೆಯುತ್ತದೆ. ಉಲನ್ ಲೇಬಲ್ ಮೇಲೆ 4 ಮಿ.ಮೀ. ಕಡ್ಡಿ ಅಂತ ಇದ್ದರೆ ನೀವು 5 ತೆಗೆದುಕೊಳ್ಳಿ.

ಪಾಪ್‌ಕಾರ್ನ್ ಬದಲು ಆಲ್ಪೈನ್ ಸ್ಟಿಚ್ ಹಾಕಿ ನೋಡಿ. ಮುಂದೆ ವಜ್ರದಾಕಾರದ ಉಬ್ಬು, ಹಿಂದೆ ಬಹುತೇಕ ಸಮತಟ್ಟು. ಹೇಳುವ ಮೊದಲು ಒಂದು ಮಾತು: ನಾನು ಹೇಳುವ ಸಿಂಗಲ್ (ಗಿಡ್ಡ ಸ್ಟಿಚ್), ಡಬಲ್ (ಕಡ್ಡಿಗೆ ಒಮ್ಮೆ ದಾರ ಸುತ್ತಿ ಹಾಕುವ ಎತ್ತರದ ಕಂಬ) ಎಂಬ ಹೆಸರುಗಳು ಅಮೆರಿಕದ ಲೆಕ್ಕದವು, ಈಗಿನ ಹೆಚ್ಚಿನ ವಿಡಿಯೋಗಳಲ್ಲಿ ಇರುವಂಥವು. ಬ್ರಿಟಿಷ್ ಪುಸ್ತಕ ನೋಡಿ ಕಲಿತವರಿಗೆ ನನ್ನ ಸಿಂಗಲ್ ಅಂದರೆ ಡಬಲ್, ನನ್ನ ಡಬಲ್ ಅಂದರೆ ಟ್ರೆಬಲ್.

ಬೆಸ ಸಂಖ್ಯೆಯ ಸ್ಟಿಚ್ ಇಟ್ಟುಕೊಳ್ಳಿ. ಮೊದಲ ಸಾಲು ಪೂರ್ತಿ ಡಬಲ್, ಎರಡನೆಯದು ಪೂರ್ತಿ ಸಿಂಗಲ್. ಮೂರನೇ ಸಾಲಿನ ಮೊದಲ ಸ್ಟಿಚ್ ಸಾದಾ ಡಬಲ್. ಎರಡನೆಯದಕ್ಕೆ ಕಡ್ಡಿಯನ್ನು ಸಿಂಗಲ್ ಸಾಲಿನೊಳಗೆ ಚುಚ್ಚಬೇಡಿ. ಅದರ ಕೆಳಗೆ ಮೊದಲ ಸಾಲಿನ ಡಬಲ್ ಕಂಬ ಇದೆಯಲ್ಲ, ಅದರ ಬಲಗಡೆ ಮುಂದಿನಿಂದ ತೂರಿಸಿ, ಹಿಂದಿನಿಂದ ಸುತ್ತಿ, ಎಡಗಡೆ ಮುಂದಕ್ಕೆ ತನ್ನಿ. ದಾರ ಎಳೆದು ಉದ್ದ ಮಾಡಿ ಡಬಲ್ ಮುಗಿಸಿ. ಇದರ ಹಿಂದೆ ಅಡಗಿರುವ ಸಿಂಗಲ್ ಒಂದನ್ನು ಹಾಗೇ ಬಿಟ್ಟುಬಿಡಬೇಕು. ಅದಕ್ಕೂ ಹಾಕಿದಿರೋ, ಸಾಲಿನಿಂದ ಸಾಲಿಗೆ ಅಗಲ ಬೆಳೆಯುತ್ತಲೇ ಹೋಗುತ್ತದೆ. ಹೀಗೆ ಒಂದು ಸಾದಾ, ಒಂದು ಸುತ್ತು, ಕೊನೆಗೆ ಸಾದಾ. ನಾಲ್ಕನೆಯದು ಮತ್ತೆ ಪೂರ್ತಿ ಸಿಂಗಲ್. ಐದರಲ್ಲಿ ಅದಲು ಬದಲು: ಸುತ್ತಿನ ಮೇಲೆ ಸಾದಾ, ಸಾದಾ ಕಂಬಕ್ಕೆ ಸುತ್ತು. ಎರಡು ಅಂಚಿನ ಸ್ಟಿಚ್ ಮಾತ್ರ ಯಾವಾಗಲೂ ಸಾದಾ.

ಬಣ್ಣ ಬದಲಿಸುವುದು ಡಬಲ್ ಸಾಲಿನಲ್ಲೇ. ಹಿಂದಿನ ಸಿಂಗಲ್ ಸಾಲಿನ ಕೊನೇ ಸ್ಟಿಚ್‌ನಲ್ಲಿ ಕಡ್ಡಿ ಮೇಲೆ ಎರಡು ಕುಣಿಕೆ ಉಳಿದಾಗ ಹಳೇ ದಾರ ಬಿಟ್ಟು ಹೊಸದನ್ನು ಎಳೆದುಕೊಳ್ಳಿ. ಆಮೇಲೆ ಹೊಸ ಬಣ್ಣದ ಸುತ್ತುಗಳು ಹಳೇ ಬಣ್ಣದೊಳಕ್ಕೆ ಇಳಿಯುತ್ತವೆ. ಎರಡು ಬಣ್ಣದ ನಡುವೆ ನೇರ ಗೆರೆ ಇರದೆ ಹಲ್ಲು ಹಲ್ಲಾಗಿ ಸೇರುತ್ತದೆ. ನನಗೆ ಈ ಸ್ಟಿಚ್ ಇಷ್ಟವಾಗುವುದೇ ಇದಕ್ಕೆ.

ಉಲನ್ ಲೆಕ್ಕಕ್ಕೆ ಅಡುಗೆಮನೆಯ ತಕ್ಕಡಿ ಸಾಕು. ಇದೇ ಸ್ಟಿಚ್‌ನಲ್ಲಿ ಉದ್ದ ಅಗಲ 15 ಸೆಂ.ಮೀ.ನ ಒಂದು ತುಂಡು ಹಾಕಿ ತೂಗಿ. ಸೋಫಾ ಮೇಲೆ ಕೂತು ಹೊದೆಯುವ ಹೊದಿಕೆ ಸುಮಾರು 125 × 150 ಸೆಂ.ಮೀ., ಅಂದರೆ ಅಂಥ 83 ತುಂಡಿನಷ್ಟು. ತುಂಡು 15 ಗ್ರಾಂ ಬಂದರೆ 1,250 ಗ್ರಾಂ ಬೇಕು. ಅಂಚು, ಗಂಟು, ಅಳತೆ ತಪ್ಪಿದ್ದು ಎಲ್ಲ ಸೇರಿಸಿ 1,400 ತನ್ನಿ. ಒಂದು ಬಣ್ಣದ ಉಂಡೆಗಳನ್ನೆಲ್ಲ ಒಟ್ಟಿಗೇ ಕೊಂಡು, ಲೇಬಲ್ ಮೇಲಿನ ಲಾಟ್ ನಂಬರ್ ಒಂದೇ ಇದೆಯಾ ನೋಡಿ. ಲಾಟ್ ಬೇರೆಯಾದರೆ ಅದೇ ಸಾಸಿವೆ ಬಣ್ಣ ಇನ್ನೊಂದು ತರಹ ಇರುತ್ತದೆ, ಅದು ಗೊತ್ತಾಗುವುದು ಹಾಕಿದ ಮೇಲೆ. ಒಂದೂವರೆ ಕೆ.ಜಿ. ಒಳಗೇ ಮುಗಿದರೆ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಸಾರಿನ ಪುಡಿಗೂ ಜಾಗ ಉಳಿಯುತ್ತದೆ, ಅಲ್ವಾ?

ಪ್ರಶ್ನೆ: ನನ್ನ ಹೊದಿಕೆ ಮೇಲಕ್ಕೆ ಹೋದ ಹಾಗೆ ಕಿರಿದಾಗುತ್ತಿದೆ. ಕಡ್ಡಿ ಬದಲಿಸಿಲ್ಲ, ಉಲನ್ನೂ ಅದೇ.
– ಓದುಗರು, ಧಾರವಾಡ

ಉತ್ತರ: ಅಂಚಿನಲ್ಲಿ ಸ್ಟಿಚ್ ಕಳೆದುಹೋಗುತ್ತಿದೆ. ತಿರುಗುವಾಗ ಹಾಕುವ ಮೂರು ಚೈನ್ ಒಂದು ಡಬಲ್‌ಗೆ ಸಮ. ವಾಪಸ್ ಬರುವಾಗ ಕೊನೇ ಸ್ಟಿಚ್ ಅದರ ತಲೆಗೆ ಬೀಳಬೇಕು. ಅದು ಸಣ್ಣದಾಗಿ ಮುದುರಿಕೊಂಡಿರುತ್ತದೆ, ತುಂಬ ಜನ ಬಿಟ್ಟೇಬಿಡುತ್ತಾರೆ. ಆ ಮೂರನೇ ಚೈನ್‌ಗೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿ ಇಡಿ. ಸಾಲು ಮುಗಿದಾಗಲೆಲ್ಲ ಎಣಿಸಿ, ಟಿವಿ ಧಾರಾವಾಹಿ ನೋಡುತ್ತಾ ಎಣಿಸಬೇಡಿ.

ಪ್ರಶ್ನೆ: ಅಕ್ರಿಲಿಕ್ ಉಲನ್‌ನ ಉಬ್ಬು ಹೊದಿಕೆ ಮುಗಿಯಿತು. ಸುಕ್ಕಾಗಿದೆ, ಇಸ್ತ್ರಿ ಹಾಕಬಹುದಾ?
– ಓದುಗರು, ಮೈಸೂರು

ಉತ್ತರ: ಬೇಡವೇ ಬೇಡ. ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ತಗುಲಿದರೆ ಉಬ್ಬೆಲ್ಲ ಚಪ್ಪಟೆಯಾಗುತ್ತದೆ, ಮತ್ತೆ ಏಳುವುದಿಲ್ಲ. ತಣ್ಣೀರಿನಲ್ಲಿ ಒಗೆಯಿರಿ, ಹಿಂಡಬೇಡಿ. ದೊಡ್ಡ ಟವೆಲ್‌ನಲ್ಲಿ ಸುತ್ತಿ ಒತ್ತಿದರೆ ನೀರು ಹೋಗುತ್ತದೆ. ತಂತಿ ಮೇಲೆ ಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಉದ್ದವಾಗುತ್ತದೆ. ನೆರಳಿನಲ್ಲಿ ಚಾಪೆ ಹಾಸಿ, ಮೂಲೆಗಳನ್ನು ಕೈಯಲ್ಲೇ ಎಳೆದು ಸರಿ ಮಾಡಿ ಹರಡಿ. ಮರುದಿನ ಮಗುಚಿ ಹಾಕಿ, ಉಬ್ಬಿನ ಬುಡದಲ್ಲಿ ಪಸೆ ಉಳಿದಿರುತ್ತದೆ.