ದುಭಾಷಿಯ ಮಗುವಿಗೂ ಒಬ್ಬ ದುಭಾಷಿ ಬೇಕು

ಕಳೆದ ಸಂಚಿಕೆಯ ಅಫ್ಘನ್ ದುಭಾಷಿಗಳ ಲೇಖನ ಓದಿ ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ‘ಅಮೆರಿಕದ ಸೇನೆಗೆ ಮಾತು ತಿಳಿಸಿಕೊಟ್ಟ ತಪ್ಪಿಗೆ ಕೊಲೆಯಾದವರ ಮಕ್ಕಳ ಚಿಕಿತ್ಸೆ ಆ ಸೇನೆಯ ಹೊಣೆಯಲ್ಲವೇ? ಅದಕ್ಕೂ ದಾನಿಗಳೇ ಬೇಕೇ? ಅಂಥ ಒಂದು ಮಗುವನ್ನು ಬೆಂಗಳೂರಿಗೆ ಕರೆಸಿ ಆಪರೇಷನ್ ಮಾಡಿಸುವ ಮನಸ್ಸು ನಮ್ಮ ಬಳಗಕ್ಕಿದೆ. ಎಷ್ಟು ಹಣ ಕೂಡಿಸಬೇಕು?’

ಹಣದ ಮಾತು ಕೊನೆಗಿರಲಿ. ಮೊದಲು ಹೊಣೆಯದು. ಈ ದುಭಾಷಿಗಳಲ್ಲಿ ಹೆಚ್ಚಿನವರ ಸಂಬಳ ಬರುತ್ತಿದ್ದುದು ಸೇನೆಯಿಂದಲ್ಲ, ಗುತ್ತಿಗೆ ಕಂಪನಿಗಳಿಂದ. ಅವರಿಗೆ ಅನ್ವಯಿಸುವುದು 1941ರ ಡಿಫೆನ್ಸ್ ಬೇಸ್ ಆಕ್ಟ್ ಎಂಬ ಅಮೆರಿಕದ ಕಾನೂನಿನ ಪ್ರಕಾರದ ವಿಮೆ. ಕೆಲಸದ ಕಾರಣಕ್ಕೆ ಸತ್ತರೆ ಹೆಂಡತಿಗೆ ಸರಾಸರಿ ವಾರದ ಸಂಬಳದ ಅರ್ಧ. ಮಕ್ಕಳಿದ್ದರೆ ಎಲ್ಲ ಸೇರಿ ಮೂರರಲ್ಲಿ ಎರಡು ಭಾಗ. ಒಂದು ವರ್ಷದೊಳಗೆ ಕ್ಲೇಮು ಹಾಕಬೇಕು. ಕುಟುಂಬ ಅಮೆರಿಕದ ಹೊರಗಿದ್ದರೆ ಮುಂದಿನ ಕಂತುಗಳ ಇಂದಿನ ಬೆಲೆಯ ಅರ್ಧವನ್ನು ಒಮ್ಮೆಗೇ ಕೊಟ್ಟು ಕೈತೊಳೆದುಕೊಳ್ಳಲೂ ಕಾನೂನಿನಲ್ಲಿ ದಾರಿಯಿದೆ. ಇನ್ನು ಆಸ್ಪತ್ರೆ ಖರ್ಚು ಸಿಗುವುದು ಗಾಯಗೊಂಡ ನೌಕರನಿಗೆ ಮಾತ್ರ. ಅಪ್ಪನನ್ನು ಕೊಂದ ಬಾಂಬಿಗೇ ಮಗನ ಕಾಲು ಹೋಗಿದ್ದರೂ ಆ ಕಾಲಿಗೆ ಈ ವಿಮೆಯಲ್ಲಿ ಒಂದು ಡಾಲರೂ ಇಲ್ಲ. ದಾನಿಗಳು ಬೇಕಾಗುವುದು ಈ ಸಂದಿಯಲ್ಲಿ.

ಇಂಥ ದುಭಾಷಿಗಳು ಅಮೆರಿಕಕ್ಕೆ ವಲಸೆ ಹೋಗುವ ವಿಶೇಷ ವೀಸಾಕ್ಕೆ 2025ರ ಕೊನೆಯವರೆಗೆ ಅರ್ಜಿ ಹಾಕಬಹುದಿತ್ತು. ಅರ್ಜಿ ಹಾಕಿದ ಮೇಲೆ ಅಪ್ಪ ಸತ್ತಿದ್ದರೆ ಹೆಂಡತಿ ಮಕ್ಕಳು ಅದನ್ನು ಮುಂದುವರಿಸಲು 2021ರ ಜುಲೈನ ತಿದ್ದುಪಡಿ ಅವಕಾಶ ಹೆಚ್ಚಿಸಿತು. ಅದಕ್ಕೆ ಹಿಡಿಯುವುದು ವರ್ಷಗಟ್ಟಲೆ. ಉಸಿರಾಡಲು ಕಷ್ಟಪಡುವ ಮಗು ಅಷ್ಟು ಕಾಯಲಾರದು.

ಇಲ್ಲೊಂದು ವಿಚಿತ್ರ ತೊಡಕಿದೆ. ವಿಮೆಗೂ ವಲಸೆಗೂ ‘ಅಪ್ಪ ದುಭಾಷಿಯಾಗಿದ್ದ’ ಎಂಬುದನ್ನು ದಾಖಲೆಸಮೇತ ತೋರಿಸಬೇಕು. ಚಿಕಿತ್ಸೆಯ ಕಾಗದಗಳಲ್ಲಿ ಅದೇ ಸಂಗತಿ ಎಲ್ಲೂ ಕಾಣಬಾರದು. ಮಗು ಮರಳುವುದು ತಾಲಿಬಾನ್ ಆಳುವ ಊರಿಗೆ. ಆಸ್ಪತ್ರೆಗೆ ಬರೆಯುವ ಪತ್ರದಲ್ಲಿ ‘ತಂದೆಯಿಲ್ಲದ ಮಗು’ ಎಂದಷ್ಟೇ ಇದ್ದರೆ ಸಾಕು. ನಿಮ್ಮ ಬಳಗದ ವಾಟ್ಸಾಪ್ ಗುಂಪಿಗೂ ಇದು ಅನ್ವಯಿಸುತ್ತದೆ: ಹಾರ ಹಾಕಿ ನಿಲ್ಲಿಸಿದ ಫೋಟೊ ಬೇಡ, ಹೆಸರು ಬೇಡ, ಜಿಲ್ಲೆಯೂ ಬೇಡ.

ಮುಂದಿನದು ಒಪ್ಪಿಗೆಯ ಸಹಿ. ಅಫ್ಘನ್ ನಾಗರಿಕ ಸಂಹಿತೆಯಲ್ಲಿ ಮಗುವನ್ನು ಸಾಕುವ ಹಕ್ಕು ತಾಯಿಗಿದೆ, ಅದೂ ಹುಡುಗನಿಗೆ 7, ಹುಡುಗಿಗೆ 9 ವರ್ಷ ತುಂಬುವ ತನಕ. ಕಾನೂನಿನ ಪಾಲಕತ್ವ ಹೋಗುವುದು ಅಪ್ಪನ ಅಪ್ಪನಿಗೆ. ಅಜ್ಜ ಒಲ್ಲೆನೆಂದರೆ ಪಾಸ್‌ಪೋರ್ಟಿನ ಹಂತದಲ್ಲೇ ಕೆಲಸ ನಿಲ್ಲಬಹುದು. ಹೆಂಗಸರು 72 ಕಿ.ಮೀ.ಗಿಂತ ದೂರ ಹೋಗುವಾಗ ಹತ್ತಿರದ ಗಂಡು ನೆಂಟ ಜೊತೆಗಿರಬೇಕೆಂದು 2021ರ ಡಿಸೆಂಬರ್‌ನಿಂದ ನಿಯಮವಿದೆ. ಹಾಗಾಗಿ ತಾಯಿಯ ಜೊತೆ ಅಜ್ಜನೋ ಚಿಕ್ಕಪ್ಪನೋ ಬರುತ್ತಾರೆ ಎಂದೇ ಲೆಕ್ಕ ಹಾಕಿ. ಭಾರತದ ವೈದ್ಯಕೀಯ ವೀಸಾದಲ್ಲಿ ರೋಗಿಯೊಂದಿಗೆ ಇಬ್ಬರು ಬರಬಹುದು. ಪೋಲಿಯೊ ಹನಿ ಹಾಕಿಸಿದ ಪ್ರಮಾಣಪತ್ರವೂ ಬೇಕು, ಹನಿ ಹಾಕಿಸಿ ಹೊರಡುವ ದಿನಕ್ಕೆ ಕನಿಷ್ಠ 4 ವಾರ ಆಗಿರಬೇಕು. ಟಿಕೆಟ್ ಮಾಡಿಸಿದ ಮೇಲೆ ಇದು ನೆನಪಾದರೆ ಆಪರೇಷನ್ ದಿನಾಂಕವೇ ಮುಂದಕ್ಕೆ ಹೋಗುತ್ತದೆ.

ಯಾವ ಮಗುವನ್ನು ಕರೆಸಬೇಕು? ‘ತೀರಾ ಪಾಪದ್ದು’ ಎಂದು ಆರಿಸಬೇಡಿ. ಒಂದೇ ಆಪರೇಷನ್ನಿನಲ್ಲಿ ಮುಗಿಯುವ ಕಾಯಿಲೆಯ ಮಗುವನ್ನು ಆರಿಸಿ. ಹೃದಯದ ಕೆಳಕೋಣೆಗಳ ನಡುವಿನ ತೂತು ಮುಚ್ಚುವುದು ಅಂಥದ್ದು. ಆದರೆ ತೂತು ದೊಡ್ಡದಿದ್ದು ವರ್ಷಗಳು ಕಳೆದಿದ್ದರೆ ಶ್ವಾಸಕೋಶದ ರಕ್ತನಾಳಗಳು ಬಿಗಿದು, ರಕ್ತ ತಿರುವುಮುರುವು ಹರಿಯತೊಡಗಿ, ತುಟಿ ಉಗುರು ನೀಲಿಗಟ್ಟಿರುತ್ತವೆ. ಆಗ ತೂತು ಮುಚ್ಚುವುದೇ ಅಪಾಯ. ಕಾಬೂಲಿನಲ್ಲೇ ತೆಗೆಸಿದ ಹೊಸ ಎಕೋ (ಹೃದಯದ ಸ್ಕ್ಯಾನ್) ವರದಿಯನ್ನು ಇಲ್ಲಿನ ಮಕ್ಕಳ ಹೃದಯತಜ್ಞರು ನೋಡಿ ‘ಆಗುತ್ತದೆ’ ಎನ್ನುವವರೆಗೆ ಯಾರಿಗೂ ಮಾತು ಕೊಡಬೇಡಿ. ಕವಾಟ ಕೆಟ್ಟ ಮಗುವಾದರೆ ಇನ್ನೂ ಯೋಚಿಸಬೇಕು. ಲೋಹದ ಕವಾಟ ಹಾಕಿದರೆ ಬದುಕಿರುವಷ್ಟು ಕಾಲ ವಾರ್ಫರಿನ್ ಮಾತ್ರೆ, ಅದರ ಪ್ರಮಾಣ ಸರಿಯಿದೆಯೇ ಎಂದು ಮತ್ತೆಮತ್ತೆ ರಕ್ತಪರೀಕ್ಷೆ. ಪರೀಕ್ಷೆ ಸಿಗದ ಹಳ್ಳಿಯಲ್ಲಿ ಮಾತ್ರೆ ಕಮ್ಮಿಯಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ರಕ್ತಸ್ರಾವ. ಇರುವ ಕವಾಟವನ್ನೇ ರಿಪೇರಿ ಮಾಡಲು ಬರುತ್ತದೆಯೇ ಎಂದು ಮೊದಲು ಕೇಳಿ. ಹುಳುಕು ಹಲ್ಲಿದ್ದರೆ ಆಪರೇಷನ್ನಿಗೆ ಮುಂಚೆಯೇ ಸರಿಮಾಡಿಸಬೇಕು, ಇಲ್ಲವೇ ತೆಗೆಸಬೇಕು. ಬಾಯಿಯ ಸೋಂಕು ರಕ್ತದ ಮೂಲಕ ಹೃದಯ ಸೇರಬಹುದು.

ಕಾಲು ಕಳೆದುಕೊಂಡ ಮಗುವನ್ನು ಇಲ್ಲಿಗೆ ಕರೆಸುವುದು ನನ್ನ ಪ್ರಕಾರ ತಪ್ಪು. ಮಗು ಬೆಳೆದಂತೆ ಕೃತಕ ಕಾಲು ಗಿಡ್ಡವಾಗುತ್ತದೆ, ತೊಡೆ ಕೂರುವ ಬಟ್ಟಲು ಬಿಗಿಯಾಗಿ ಚರ್ಮ ಕೆಂಪಾಗುತ್ತದೆ. ಚಿಕ್ಕ ಮಕ್ಕಳಿಗೆ ಹೆಚ್ಚುಕಡಿಮೆ ವರ್ಷಕ್ಕೊಂದು ಹೊಸದು ಬೇಕು. ಅಷ್ಟೇ ಅಲ್ಲ, ಕತ್ತರಿಸಿದ ಮೂಳೆಯ ತುದಿ ಒಳಗೇ ಬೆಳೆದು ಪೆನ್ಸಿಲಿನಂತೆ ಚೂಪಾಗಿ ಚರ್ಮ ಚುಚ್ಚಬಹುದು, ಮತ್ತೆ ಕತ್ತರಿಸಬೇಕಾಗಬಹುದು. ರೆಡ್‌ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ 1988ರಿಂದ ಕಾಬೂಲಿನಲ್ಲಿ ಕೃತಕ ಕಾಲನ್ನು ಪುಕ್ಕಟೆ ಮಾಡಿಕೊಡುತ್ತಿದೆ. ಅಂಥ ಮಗುವಿಗೆ ನಿಮ್ಮ ಹಣ ಬೇಕಾಗುವುದು ಹಳ್ಳಿಯಿಂದ ಆ ಕೇಂದ್ರಕ್ಕೆ ಹೋಗಿಬರುವ ಬಸ್ಸಿಗೆ, ಊಟ ವಸತಿಗೆ.

ಬೆಂಗಳೂರಿಗೆ ಈ ಕೆಲಸ ಹೊಸದಲ್ಲ. 2003ರಲ್ಲಿ ಲಾಹೋರಿನಿಂದ ದೆಹಲಿಯ ಬಸ್ಸು ಹತ್ತಿ ಬಂದ ಪುಟ್ಟ ಹುಡುಗಿಯ ಹೃದಯದ ತೂತು ಮುಚ್ಚಿದ್ದು ಇಲ್ಲಿನ ನಾರಾಯಣ ಹೃದಯಾಲಯದಲ್ಲಿ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ ಬಿಲ್ಲಿನ ಕೌಂಟರೇ ಇಲ್ಲ. ವಿದೇಶಿ ಮಗುವನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಬರೆದು ಕೇಳಿ. ಇಲ್ಲಿನ ಕೊರತೆ ಭಾಷೆಯದು. ದೆಹಲಿಯ ಲಾಜಪತ್ ನಗರದಲ್ಲಿ ಅಫ್ಘನ್ನರ ಭಾಷೆಗಳಾದ ದರಿ, ಪಶ್ತೊ ಆಡುವವರು ಬೇಕಾದಷ್ಟಿದ್ದಾರೆ (ಆಸ್ಪತ್ರೆಯಿಂದ ಕಮಿಷನ್ ತಿನ್ನುವ ದಳ್ಳಾಳಿಗಳೂ ಅವರ ನಡುವೆಯೇ). ಬೆಂಗಳೂರಿನ ವಾರ್ಡಿನಲ್ಲಿ ರಾತ್ರಿ ಎರಡಕ್ಕೆ ಮಗು ‘ಎದೆ ಬಿಗಿಯುತ್ತಿದೆ’ ಎಂದರೆ ನರ್ಸಿಗೆ ತಿಳಿಸುವವರು ಯಾರು? ಅಜ್ಜನಿಗೆ ಉರ್ದು ಬರಬಹುದು, ಆದರೆ ಕೆಟ್ಟ ಸುದ್ದಿಯನ್ನು ಅವರು ತಾಯಿಗೆ ಹೇಳದೆ ನುಂಗಿಬಿಡಬಹುದು. ಇಲ್ಲಿ ಓದುತ್ತಿರುವ ಅಫ್ಘನ್ ವಿದ್ಯಾರ್ಥಿಗಳಿಬ್ಬರನ್ನು ಪಾಳಿಯ ಮೇಲೆ, ಸಂಬಳ ಕೊಟ್ಟೇ, ನೇಮಿಸಿಕೊಳ್ಳಿ. ಮಗುವಿನ ಅಪ್ಪನ ಉದ್ಯೋಗ ಅವರಿಗೂ ಗೊತ್ತಾಗಬೇಕಿಲ್ಲ.

ಈಗ ಹಣ. ಆಸ್ಪತ್ರೆಯ ಅಂದಾಜು ಒಂದು ಭಾಗವಷ್ಟೇ. ಮೂವರ ವಿಮಾನ, ಆಪರೇಷನ್ ಆಗಿ ಮತ್ತೆ ವಿಮಾನ ಹತ್ತಲು ವೈದ್ಯರು ಒಪ್ಪುವವರೆಗಿನ ಬಾಡಿಗೆ ಕೋಣೆ, ಬಾಣಸಿಗನಿಗಿಂತ ಒಂದು ಒಲೆ (ಅವರಿಗೆ ನಮ್ಮ ಖಾರ ಒಗ್ಗದು), ದುಭಾಷಿಗಳ ಸಂಬಳ. ಊರಿಗೆ ಮರಳಿದ ಮೇಲೆ ಎರಡು ವರ್ಷದ ಔಷಧಿ, ಎಕೋ, ಕಾಬೂಲಿನ ಓಡಾಟಕ್ಕೆ ಬೇಕಾದ್ದನ್ನು ಮೊದಲೇ ಬೇರೆ ಎತ್ತಿಡಿ. ಅಲ್ಲಿ ಮಗುವನ್ನು ನೋಡಿಕೊಳ್ಳಲು ಒಪ್ಪಿದ ವೈದ್ಯರ ಪತ್ರ ಕೈಗೆ ಬಂದ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಫೋನು ಮಾಡಿ.

— ಸಂಪಾದಕ