ನಿಂಬೆ ಬಾರ್: ಉದುರು ಕರಗಿದ್ದೇಕೆ, ತಳ ಮೆತ್ತಗಾದದ್ದೇಕೆ?

ಕಳೆದ ಸಂಚಿಕೆಯಲ್ಲಿ ನಿಂಬೆ ಬಾರ್ ಮಾಡುವ ಬಗೆ ಬರೆದಿದ್ದೆ. ಕೆಳಗೆ ಬಿಸ್ಕತ್ತಿನಂಥ ತಳ, ನಡುವೆ ಮೊಟ್ಟೆ-ನಿಂಬೆಯ ಹುಳಿಸಿಹಿ ಹೂರಣ, ಮೇಲೆ ಬಾಯಿಗಿಟ್ಟರೆ ಪುಡಿಯಾಗುವ ಬೆಣ್ಣೆಯ ಉದುರು. ಮಾಡಿ ನೋಡಿದವರು ಪತ್ರ ಬರೆದಿದ್ದೀರಿ. ಚೆನ್ನಾಗಿ ಬಂತು ಎಂದವರಿಗೆ ನನ್ನ ಸಂತೋಷ ಇಲ್ಲೇ ಹೇಳಿಬಿಡುತ್ತೇನೆ. ಉಳಿದ ಜಾಗವೆಲ್ಲ ಕೆಟ್ಟುಹೋಯಿತು ಎಂದು ಬೇಸರ ಮಾಡಿಕೊಂಡವರಿಗೆ.

ಅಕ್ಕ, ಮಗನ ಹುಟ್ಟುಹಬ್ಬಕ್ಕೆಂದು ಮಾಡಿದೆ. ಮೇಲಿನ ಉದುರು ಕರಗಿ ಚಪಾತಿಯ ಹಾಗೆ ಒಂದೇ ಪದರವಾಯಿತು, ಅರ್ಧ ಹೂರಣದೊಳಗೇ ಮುಳುಗಿತು. ತಳ ಹಸಿಹಿಟ್ಟಿನಂತೆ ಮೆತ್ತಗಿತ್ತು. ಬೆಣ್ಣೆ ಮನೆಯಲ್ಲೇ ಕಡೆದದ್ದು. ನೀವು ಆರು ನಿಂಬೆಹಣ್ಣು ಎಂದಿದ್ದೀರಿ, ನನ್ನ ಹತ್ತಿರವಿರುವ ಇಂಗ್ಲಿಷ್ ಪುಸ್ತಕದಲ್ಲಿ ಎರಡೇ ಇದೆ. ಹುಳಿಯಾದೀತೆಂದು ಎರಡೇ ಹಾಕಿದೆ. ಎಲ್ಲಿ ತಪ್ಪಾಯಿತು? (ಓದುಗರು, ಹಾಸನ)

ತಂಗಿ, ಮೂರು ಕಡೆ ತಪ್ಪಾಗಿದೆ, ಮೂರನ್ನೂ ಸರಿಮಾಡಬಹುದು. ಮೊದಲು ಬೆಣ್ಣೆ. ಪ್ಯಾಕೆಟ್ ಬೆಣ್ಣೆಯಲ್ಲಿ ನೂರಕ್ಕೆ 80 ಪಾಲಾದರೂ ಕೊಬ್ಬಿರಬೇಕು, ನೀರಿನಂಶ 16 ದಾಟುವಂತಿಲ್ಲ. ಮನೆಯಲ್ಲಿ ಕಡೆದ ಬೆಣ್ಣೆಗೆ ಆ ಲೆಕ್ಕ ಇಲ್ಲ, ಒಳಗೆ ಮಜ್ಜಿಗೆ ಉಳಿದಿರುತ್ತದೆ. ಆ ನೀರು ಮೈದಾಕ್ಕೆ ಸೇರಿದರೆ ಹಿಟ್ಟು ಜಿಗುಟು ಬರುತ್ತದೆ, ಉದುರಾಗಿ ಬಿಡಿಬಿಡಿ ನಿಲ್ಲುವುದಿಲ್ಲ. ಹಾಗಂತ ಮನೆ ಬೆಣ್ಣೆ ಬಿಡಬೇಡಿ, ಅದರ ಪರಿಮಳ ಪ್ಯಾಕೆಟ್ಟಿನದಕ್ಕೆ ಬರುವುದಿಲ್ಲ. ನಮ್ಮ ಅತ್ತೆಯವರು ಬೆಣ್ಣೆ ತೊಳೆಯುತ್ತಿದ್ದ ರೀತಿ ಹೇಳುತ್ತೇನೆ. ಅಗಲ ಪಾತ್ರೆಯಲ್ಲಿ ತಣ್ಣೀರು ಹಾಕಿ, ಮರದ ಸೌಟಿನಿಂದ ಬೆಣ್ಣೆಯನ್ನು ಪಾತ್ರೆಯ ಮೈಗೆ ಒತ್ತಿ ಒತ್ತಿ ಮಡಚುತ್ತಿದ್ದರು. ಮೊದಲ ನೀರು ಹಾಲಿನ ಹಾಗೆ ಬೆಳ್ಳಗೆ, ಎರಡನೆಯದು ಅಕ್ಕಿ ತೊಳೆದ ನೀರಿನಷ್ಟು. ನಾಲ್ಕನೆಯ ಸಲ ನೀರು ತಿಳಿಯಾಗಿ ನಿಂತರೆ ಮಾತ್ರ ಕೈಬಿಡುತ್ತಿದ್ದರು. ಆಮೇಲೆ ಇನ್ನೊಂದು ಸಲ ಒತ್ತಿದರೆ ಬೆಣ್ಣೆಯ ಮೈಯಿಂದ ಸಾಸಿವೆಯಷ್ಟು ಸಣ್ಣ ನೀರಿನ ಹನಿಗಳು ಹೊರಗೆ ಬರುತ್ತವೆ. ಅದನ್ನು ಬಟ್ಟೆಯಲ್ಲಿ ಒರೆಸಿ, ಬೆಣ್ಣೆಯನ್ನು ಫ್ರಿಜ್ಜಿನಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುವವರೆಗೆ ಇಡಿ.

ಉದುರಿಗೆ ನನ್ನ ಅಳತೆ: ಮೈದಾ 70 ಗ್ರಾಂ, ಸಕ್ಕರೆ 40 ಗ್ರಾಂ, ತಣ್ಣನೆಯ ಬೆಣ್ಣೆ 45 ಗ್ರಾಂ, ಒಂದು ದೊಡ್ಡ ಚಮಚ ಚಿರೋಟಿ ರವೆ, ಚಿಟಿಕೆ ಉಪ್ಪು. ರವೆ ನಾನು ಸೇರಿಸಿಕೊಂಡದ್ದು, ಕಡಿಯುವಾಗ ಗರಿಗರಿ ಎನ್ನಲಿ ಎಂದು. ಅಂಗೈ ತಾಗಿಸದೆ ಬೆರಳ ತುದಿಯಲ್ಲೇ ಉಜ್ಜಿ. ಹದ ಗೊತ್ತಾಗಲು ತಂಬಿಟ್ಟನ್ನು ನೆನಪಿಸಿಕೊಳ್ಳಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹೆಬ್ಬೆರಳಿನಲ್ಲಿ ಒತ್ತಿದರೆ ಒಡೆಯಬೇಕು. ಕೆಲವು ಹರಳು ಕಡಲೆಕಾಳಿನಷ್ಟು, ಕೆಲವು ಹೆಸರುಕಾಳಿನಷ್ಟು ಇರಲಿ, ಎಲ್ಲ ಒಂದೇ ಸಮ ಮಾಡಲು ಹೋಗಬೇಡಿ. ಆಮೇಲೆ 20 ನಿಮಿಷ ಫ್ರಿಜ್ಜಿಗೆ.

ಇನ್ನು ಮುಳುಗಿದ್ದು. ಹಸಿ ಹೂರಣ ನೀರಾಗಿರುತ್ತದೆ, ಅದರ ಮೇಲೆ ಏನು ಹಾಕಿದರೂ ಮುಳುಗುತ್ತದೆ. ಮೊದಲು ತಳವನ್ನಷ್ಟೇ (ಮೈದಾ 160 ಗ್ರಾಂ, ಬೆಣ್ಣೆ 110, ಸಕ್ಕರೆಪುಡಿ 50) 20 ಸೆಂಟಿಮೀಟರ್ ಚೌಕದ ಟ್ರೇಯಲ್ಲಿ ಒತ್ತಿ 175 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ. ಅಂಚು ಹೊಂಬಣ್ಣಕ್ಕೆ ತಿರುಗದೆ ಹೊರಗೆ ತೆಗೆಯಬೇಡಿ. ನಿಮ್ಮ ತಳ ಮೆತ್ತಗಾದದ್ದು ಈ ಹಂತ ಅವಸರ ಮಾಡಿದ್ದರಿಂದಲೇ ಇರಬೇಕು. ತಳ ಬಿಸಿಯಿರುವಾಗಲೇ ಹೂರಣ ಸುರಿಯಿರಿ, ತಾಗಿದ ಕಡೆ ಅದು ಕೂಡಲೇ ಗಟ್ಟಿಯಾಗಿ ತಳಕ್ಕೆ ನೀರು ಇಳಿಯುವುದನ್ನು ತಡೆಯುತ್ತದೆ. 160 ಡಿಗ್ರಿಯಲ್ಲಿ 12 ನಿಮಿಷವಾದಾಗ ಹೂರಣದ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿರುತ್ತದೆ. ಉದುರು ಹಾಕುವ ಹೊತ್ತು ಅದು. ಮತ್ತೆ 175ಕ್ಕೆ ಏರಿಸಿ ಸುಮಾರು 20 ನಿಮಿಷ. ಟ್ರೇ ಅಲ್ಲಾಡಿಸಿದರೆ ನಡುಭಾಗ ಗಟ್ಟಿ ಮೊಸರಿನ ಹಾಗೆ ಒಂಚೂರು ನಡುಗಬೇಕು. ಅಲ್ಲಿಗೆ ನಿಲ್ಲಿಸಿ, ಆರಿದ ಮೇಲೆ ಅದು ತಾನಾಗಿ ಕೂರುತ್ತದೆ. ಪೂರ್ತಿ ಗಟ್ಟಿಯಾಗಲಿ ಎಂದು ಕಾದರೆ ಮೊಟ್ಟೆಯ ವಾಸನೆ ಮೇಲೇಳುತ್ತದೆ.

ನಿಂಬೆಯ ವಿಷಯವನ್ನು ಕೊನೆಗೆ ಇಟ್ಟುಕೊಂಡದ್ದು ಅದು ನನ್ನ ಮನಸ್ಸಿಗೆ ಹತ್ತಿರದ್ದು ಎಂದು. ಹೊರದೇಶದ ಪುಸ್ತಕದಲ್ಲಿರುವ ಲೆಮನ್ ಬೇರೆ ಹಣ್ಣು. ದಪ್ಪ ಸಿಪ್ಪೆ, ಹಳದಿ ಬಣ್ಣ, ಒಂದು ಹಿಂಡಿದರೆ ಮೂರು ದೊಡ್ಡ ಚಮಚ ರಸ. ನಮ್ಮ ಸಂತೆಯ ಗುಂಡು ನಿಂಬೆಹಣ್ಣಿನಲ್ಲಿ ಸಿಗುವುದು ಒಂದು, ಹೆಚ್ಚೆಂದರೆ ಒಂದೂಕಾಲು ಚಮಚ. ಮೂರು ಮೊಟ್ಟೆ, 200 ಗ್ರಾಂ ಸಕ್ಕರೆ, 25 ಗ್ರಾಂ ಮೈದಾ ಇರುವ ಹೂರಣಕ್ಕೆ 100 ಮಿಲಿಲೀಟರ್ ರಸ ಬೇಕೇ ಬೇಕು. ನಮ್ಮ ಹಣ್ಣಾದರೆ ಆರು. ಎರಡೇ ಹಾಕಿದರೆ ಬರೀ ಸಿಹಿ, ನಾಲ್ಕು ತುಂಡು ತಿನ್ನುವ ಮಗು ಒಂದಕ್ಕೇ ಸಾಕು ಅನ್ನುತ್ತದೆ. ಹುಳಿಗೆ ಹೆದರಬೇಡಿ. ತಳದಲ್ಲೂ ಮೇಲೂ ಇರುವ ಬೆಣ್ಣೆ-ಸಕ್ಕರೆಗೆ ಎದುರು ನಿಲ್ಲಲು ನಡುವೆ ಅಷ್ಟು ಹುಳಿ ಬೇಕು.

ನಮ್ಮ ತೋಟದಲ್ಲಿ ಕಿತ್ತಳೆ ಇದೆ, ಹಿತ್ತಲಲ್ಲಿ ಹೇರಳೆಕಾಯಿಯೂ ಇದೆ. ಇವುಗಳಿಂದ ಬಾರ್ ಮಾಡಬಹುದೇ? ಕಿತ್ತಳೆಯಲ್ಲಿ ಮಾಡಿದ್ದು ಸಪ್ಪೆಯಾಗಿತ್ತು. (ಓದುಗರು, ಮೂಡಿಗೆರೆ)

ನಿಮ್ಮ ಪತ್ರ ಓದಿ ಸಂತೋಷವಾಯಿತು. ನಾನು ಮದುವೆಯಾಗಿ ಬಂದಾಗ ನಮ್ಮ ಕಾಫಿ ತೋಟದಲ್ಲಿ ಬಾಳೂರಿನ ಕಡೆಯ ಇಳಿಜಾರಿನಲ್ಲಿ ಕಿತ್ತಳೆ ಸಾಲೇ ಇತ್ತು. ಚಳಿಗಾಲದಲ್ಲಿ ಕೊಯ್ಲಿನ ಹೆಂಗಸರು ಕಾಫಿ ಚೀಲದ ಮೇಲೆ ನಾಲ್ಕು ಹಣ್ಣು ಇಟ್ಟುಕೊಂಡೇ ಮನೆಗೆ ಹೋಗುತ್ತಿದ್ದರು. ಈಗ ನಾಲ್ಕೇ ಮರ ಉಳಿದಿವೆ. ಒಂದು ಕೊಂಬೆಯ ಎಲೆ ಅಲ್ಲಲ್ಲಿ ಹಳದಿ ತಿರುಗಿ, ಹಣ್ಣು ಸಣ್ಣದಾಗಿ ಓರೆಯಾಗಿ, ಮರ ಮೇಲಿನಿಂದ ಒಣಗುತ್ತ ಬರುತ್ತದೆ. ಗ್ರೀನಿಂಗ್ ರೋಗ ಅನ್ನುತ್ತಾರೆ, ಸಣ್ಣ ಜಿಗಿಹುಳ ಹರಡುವುದು. ಹಿಡಿದ ಮರಕ್ಕೆ ಮದ್ದಿಲ್ಲ. ಕೊಡಗಿನ ಕಿತ್ತಳೆ ಎಂದು ಜಿಐ ಟ್ಯಾಗ್ ಪಡೆದ ಹಣ್ಣು ಇದೇ. ಬಿಗಿಯಾಗಿ ಅಂಟಿದ ಸಿಪ್ಪೆ, ಹಸಿರು ಮಿಶ್ರಿತ ಹಳದಿ. ನಿಮ್ಮ ಮರ ಚೆನ್ನಾಗಿದ್ದರೆ ಅದನ್ನು ಜೋಪಾನ ಮಾಡಿ.

ಸಪ್ಪೆ ಏಕೆಂದರೆ, ನಿಂಬೆ ರಸದಲ್ಲಿ ಹುಳಿಯ ಆಮ್ಲ ನೂರಕ್ಕೆ ಐದಾರು ಪಾಲು, ಕಿತ್ತಳೆಯಲ್ಲಿ ಒಂದರ ಆಸುಪಾಸು. ಅದಕ್ಕೇ 200 ಮಿಲಿಲೀಟರ್ ಕಿತ್ತಳೆ ರಸವನ್ನು ಸಣ್ಣ ಉರಿಯಲ್ಲಿ 60ಕ್ಕೆ ಇಳಿಸಿ, ತಣ್ಣಗಾದ ಮೇಲೆ 40 ಮಿಲಿಲೀಟರ್ ನಿಂಬೆರಸ ಸೇರಿಸಿ. ಸಕ್ಕರೆ 150 ಗ್ರಾಂ ಸಾಕು. ಕುದಿಸಿದಾಗ ಹಣ್ಣಿನ ತಾಜಾ ಪರಿಮಳ ಹೋಗುತ್ತದೆ, ಅದನ್ನು ಸಿಪ್ಪೆಯಿಂದ ವಾಪಸು ತರಬೇಕು. ಎರಡು ಹಣ್ಣಿನ ಸಿಪ್ಪೆಯ ಬಣ್ಣದ ಮೇಲ್ಮೈಯನ್ನು ಮಾತ್ರ ಸಣ್ಣ ತುರಿಮಣೆಯಲ್ಲಿ ತುರಿದು, ಹೂರಣದ ಸಕ್ಕರೆಗೇ ಹಾಕಿ ಬೆರಳಲ್ಲಿ ಉಜ್ಜಿ. ಎರಡು ನಿಮಿಷದಲ್ಲಿ ಸಕ್ಕರೆ ಒದ್ದೆ ಮರಳಿನ ಹಾಗೆ ಹಳದಿಯಾಗಿ ಅಂಟುತ್ತದೆ, ಅಡುಗೆಮನೆಯಿಂದ ಜಗುಲಿಯವರೆಗೆ ವಾಸನೆ ಹೋಗುತ್ತದೆ. ಅದು ಸಿಪ್ಪೆಯ ಎಣ್ಣೆ. ಕೆಳಗಿನ ಬಿಳಿ ಭಾಗ ಸೇರಿದರೆ ಕಹಿ.

ಹೇರಳೆಕಾಯಿಯನ್ನು ನಾವು ಗೊಜ್ಜಿಗೂ ಚಿತ್ರಾನ್ನಕ್ಕೂ ಬಳಸುತ್ತೇವೆ, ಸಿಹಿಗೆ ಯಾರೂ ಹಾಕುವುದಿಲ್ಲ. ಹಾಕಿ ನೋಡಿ ಎಂದೇ ನಾನು ಹೇಳುವುದು. 100 ಮಿಲಿಲೀಟರ್ ಹೇರಳೆ ರಸ, ಸಿಪ್ಪೆ ತುರಿ ಕಾಲು ಚಮಚ ಮೀರದಂತೆ. ಹಿಂಡಿದ ರಸವನ್ನು ಇಟ್ಟಷ್ಟೂ ಕಹಿ ಏರುತ್ತದೆ, ಹೂರಣ ಕಲಸುವ ಹೊತ್ತಿಗೇ ಹಿಂಡಿ. ಚಿಕ್ಕೋರಿ ಇಲ್ಲದ ಕಾಫಿಯ ಜೊತೆ ಆ ಸಣ್ಣ ಕಹಿ ಎಷ್ಟು ಹೊಂದುತ್ತದೆಂದರೆ, ನಮ್ಮ ಮನೆಯಲ್ಲಿ ಕಾಯಿ ಇರುವಷ್ಟು ದಿನ ನಾನು ನಿಂಬೆಯದನ್ನು ಮಾಡುವುದೇ ಇಲ್ಲ. ಮಕ್ಕಳಿಗೆ ಮಾತ್ರ ಬೇಡ.

ಮನೆಯಲ್ಲಿ ಮೊಟ್ಟೆ ತರುವಂತಿಲ್ಲ. ಬೇರೆ ದಾರಿ? (ಓದುಗರು, ಬೇಲೂರು)

ಇದೆ. ಕಂಡೆನ್ಸ್ಡ್ ಮಿಲ್ಕ್ ಒಂದು ಡಬ್ಬ (400 ಗ್ರಾಂ), ನಿಂಬೆರಸ 100 ಮಿಲಿಲೀಟರ್, ಕಾರ್ನ್‌ಫ್ಲೋರ್ ಒಂದು ದೊಡ್ಡ ಚಮಚ. ಹುಳಿ ಬಿದ್ದ ಕೂಡಲೇ ಹಾಲು ಒಡೆಯುತ್ತದೆಂದು ಗಾಬರಿಯಾಗಬೇಡಿ. ಅಷ್ಟು ಸಕ್ಕರೆ ಇರುವುದರಿಂದ ಅದು ಒಡೆಯದೆ ಶ್ರೀಖಂಡದ ಹಾಗೆ ಮಂದವಾಗುತ್ತದೆ. ಇದಕ್ಕೆ 160 ಡಿಗ್ರಿಯಲ್ಲಿ 15 ನಿಮಿಷ ಸಾಕು, ಅಷ್ಟರಲ್ಲಿ ಉದುರು ಕೆಂಪಾಗುವುದಿಲ್ಲ. ಉದುರನ್ನು ಬೇರೆ ತಟ್ಟೆಯಲ್ಲಿ ಹರಡಿ ಮೊದಲೇ ಹುರಿದಂತೆ ಬೇಯಿಸಿಟ್ಟು, ಕೊನೆಗೆ ಮೇಲೆ ಉದುರಿಸಿ.

ನನ್ನ ಬಾರ್‌ಗೆ ಒಂಥರಾ ಕಬ್ಬಿಣದ ರುಚಿ ಬರುತ್ತದೆ. ಬಟರ್ ಪೇಪರ್ ಹಾಕಿದರೆ ತಳಕ್ಕೆ ಅಂಟುತ್ತದೆ. (ಓದುಗರು, ಚಿಕ್ಕಮಗಳೂರು)

ನಿಮ್ಮದು ಅಲ್ಯುಮಿನಿಯಂ ಟ್ರೇ ಇರಬೇಕು. ನಿಂಬೆಯ ಹುಳಿ ಅದನ್ನು ತಿನ್ನುತ್ತದೆ. ಅಣ್ಣನ ಮನೆಯ ಗೃಹಪ್ರವೇಶಕ್ಕೆ 40 ತುಂಡು ಮಾಡಿಕೊಂಡು ಹೋಗಿದ್ದೆ, ರಾತ್ರಿಯಿಡೀ ಟ್ರೇಯಲ್ಲೇ ಬಿಟ್ಟಿದ್ದೆ. ಅಂಚಿನ ತುಂಡುಗಳನ್ನು ಬಾಯಿಗಿಟ್ಟವರ ಮುಖ ನೋಡಿ ಆ ಸಂಜೆ ನನಗೆ ಊಟ ಸೇರಲಿಲ್ಲ. ಅವತ್ತಿನಿಂದ ಸ್ಟೀಲ್ ಇಲ್ಲವೇ ಗಾಜಿನದ್ದು. ಇನ್ನು ಅಂಗಡಿಯಲ್ಲಿ ಬಟರ್ ಪೇಪರ್ ಎಂದು ಕೊಡುವುದೆಲ್ಲ ಓವನ್ನಿಗಲ್ಲ. ರೊಟ್ಟಿ ಕಟ್ಟುವ ಕಾಗದ ಬಿಸಿಗೆ ಅಂಟುತ್ತದೆ. ಬೇಕಿಂಗ್ ಪೇಪರ್ ಎಂದೇ ಕೇಳಿ ತನ್ನಿ, ಎರಡು ಬದಿ ಟ್ರೇಯಿಂದ ಹೊರಗೆ ಚಾಚುವ ಹಾಗೆ ಹಾಸಿ. ಆರಿದ ಮೇಲೆ ಅದೇ ಹಿಡಿಕೆಯಾಗುತ್ತದೆ.

ಮಳೆಗಾಲದಲ್ಲಿ ಅರ್ಧ ಬೇಯುವಾಗ ಕರೆಂಟು ಹೋಗುತ್ತದೆ. ಏನು ಮಾಡುವುದು? ಎಷ್ಟು ದಿನ ಇಡಬಹುದು? (ಓದುಗರು, ಸಕಲೇಶಪುರ)

ಓವನ್ ಬಾಗಿಲು ತೆಗೆಯಬೇಡಿ, ಒಳಗಿನ ಬಿಸಿಯಲ್ಲೇ ಹತ್ತು ನಿಮಿಷದ ಕೆಲಸ ಆಗುತ್ತದೆ. ಕಾಲು ಗಂಟೆ ಕಳೆದರೂ ಬರದಿದ್ದರೆ ಗ್ಯಾಸಿನ ಮೇಲೆ ದೊಡ್ಡ ದಪ್ಪ ಬಾಣಲೆ ಕಾಯಿಸಿ, ಒಳಗೆ ಒಂದು ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಟ್ರೇ ಇಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಮುಗಿಸಿ. ಗಾಜಿನ ಟ್ರೇಯಾದರೆ ಇದು ಬೇಡ, ಒಡೆದೀತು. ಉದುರು ಕೆಂಪಾಗುವುದಿಲ್ಲ, ಆದರೆ ಹೂರಣ ಬೇಯುತ್ತದೆ. ಮೊಟ್ಟೆಯದ್ದನ್ನು ಅರೆಬೆಂದು ಗಂಟೆಗಟ್ಟಲೆ ಇಡಬೇಡಿ.

ಫ್ರಿಜ್ಜಿನಲ್ಲಿ ನಾಲ್ಕು ದಿನ. ಎರಡನೆಯ ದಿನಕ್ಕೆ ಉದುರು ಮೆತ್ತಗಾಗುತ್ತದೆ, ಅದರಲ್ಲೂ ನಿಮ್ಮ ಕಡೆಯ ಜೂನ್-ಜುಲೈ ಹವೆಯಲ್ಲಿ. ಒಂದು ಹಿಡಿ ಉದುರನ್ನು ಬೇರೆ ಬೇಯಿಸಿ ಡಬ್ಬಿಯಲ್ಲಿಟ್ಟಿದ್ದರೆ ಕೊಡುವಾಗ ಮೇಲೆ ಹಾಕಬಹುದು. ಪೂರ್ತಿ ತಣ್ಣಗಾಗದೆ ಕೊಯ್ಯಬೇಡಿ, ಒಂದೊಂದು ಸಲ ಕೊಯ್ದ ಮೇಲೂ ಚಾಕುವನ್ನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ.